ಪೆಟ್ರೋಲ್ ಕಾರಿನ ಇಜಿಆರ್ ಪೈಪ್ ಬದಲಿಸುವ ಕ್ರಮ: ಕರಾವಳಿಯ ಕಾರು ಇಟ್ಟುಕೊಂಡವರಿಗೆ

ಬೆಳಿಗ್ಗೆ ಕಾರು ಸ್ಟಾರ್ಟ್ ಮಾಡಿದ ಮೊದಲ ಎರಡು ಮೂರು ನಿಮಿಷ ಬಾನೆಟ್ಟಿನ ಒಳಗಿನಿಂದ ಟಿಕ್ ಟಿಕ್ ಎಂಬ ಶಬ್ದ ಬಂದು, ಇಂಜಿನ್ ಬಿಸಿಯಾಗುತ್ತಿದ್ದಂತೆ ಅದು ತಾನಾಗಿ ಅಡಗಿದರೆ, ಹೆಚ್ಚಿನವರು ಅದನ್ನು ಟ್ಯಾಪೆಟ್ ಶಬ್ದವೆಂದು ತಿಳಿದು ಸುಮ್ಮನಾಗುತ್ತಾರೆ. ನಾನೂ ಹಾಗೆಯೇ ತಿಳಿದು ಒಂದು ಮಳೆಗಾಲವನ್ನು ಪೂರ್ತಿ ಕಳೆದೆ. ಕಟಪಾಡಿಯ ಪಡುಬದಿಯಲ್ಲಿ, ರಾತ್ರಿ ಕಡಲಿನ ಸದ್ದು ಕೇಳುವಷ್ಟು ಹತ್ತಿರದಲ್ಲಿ ನಮ್ಮ ಮನೆಯಿದೆ. ಒಂಬತ್ತು ವರ್ಷ ಹಳೆಯದಾದ ಪೆಟ್ರೋಲ್ ಕಾರು ಶೀಟಿನ ಮಾಡಿನ ಕೆಳಗೆ ನಿಲ್ಲುತ್ತದೆ. ಗಣೇಶ ಚೌತಿಯ ಹೊತ್ತಿಗೆ ಕಾರಿನ ಒಳಗೆ ಹೊಗೆಯ ವಾಸನೆ ಬರತೊಡಗಿದ ಮೇಲೆ ಟಾರ್ಚ್ ಹಿಡಿದು ನೋಡಿದಾಗ, ಇಜಿಆರ್ (ಎಕ್ಸಾಸ್ಟ್ ಗ್ಯಾಸ್ ರಿಸರ್ಕ್ಯುಲೇಶನ್, ಅಂದರೆ ಹೊಗೆಯನ್ನು ಇಂಜಿನ್ನಿಗೆ ಮರಳಿಸುವ ವ್ಯವಸ್ಥೆ) ಪೈಪಿನ ಸುಕ್ಕುಗಟ್ಟಿದ ಭಾಗದ ಬುಡದಲ್ಲಿ ತಲೆಗೂದಲಿನಷ್ಟು ಸಪೂರದ ಒಂದು ಬಿರುಕು, ಅದರಿಂದ ಹೊರಟು ಪಕ್ಕದ ತಗಡಿನ ಮೇಲೆ ಬೀಸಣಿಗೆಯಂತೆ ಹರಡಿದ ಕಪ್ಪು ಮಸಿ ಕಾಣಿಸಿತು. ಆ ಪೈಪನ್ನು ನಾನೇ ಬದಲಿಸಿದೆ. ಆಮೇಲೆ ನೆಂಟರ ಎರಡು ಕಾರುಗಳಿಗೂ ಇದೇ ಕೆಲಸ ಮಾಡಿಕೊಟ್ಟಿದ್ದೇನೆ. ಮಂಗಳೂರು–ಉಡುಪಿಯ ಉಪ್ಪುಗಾಳಿಯಲ್ಲಿ ಈ ಕೆಲಸಕ್ಕೆ ಕೈಹಾಕುವವರಿಗೆ ಏನೇನು ಗೊತ್ತಿರಬೇಕು ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಈ ಪೈಪ್ ಮಾಡುವ ಕೆಲಸ

ಇಂಜಿನ್ನಿನಿಂದ ಹೊರಹೋಗುವ ಹೊಗೆಯಲ್ಲಿ ಒಂದು ಪಾಲನ್ನು ಮರಳಿ ಇನ್‌ಟೇಕ್ ಮ್ಯಾನಿಫೋಲ್ಡಿಗೆ (ಸಿಲಿಂಡರುಗಳಿಗೆ ಗಾಳಿ ಹಂಚುವ ಕೊಳವೆಗೆ) ತಂದು, ಒಳಬರುವ ಗಾಳಿಯೊಂದಿಗೆ ಬೆರೆಸುವುದೇ ಇಜಿಆರ್ ವ್ಯವಸ್ಥೆಯ ಕೆಲಸ. ಒಮ್ಮೆ ಉರಿದು ಮುಗಿದ ಹೊಗೆ ಎರಡನೆಯ ಸಲ ಉರಿಯುವುದಿಲ್ಲ. ಅದು ಸಿಲಿಂಡರಿನಲ್ಲಿ ಜಾಗ ಹಿಡಿದು, ಶಾಖವನ್ನು ಹೀರಿಕೊಂಡು, ಉರಿಯುವಿಕೆಯ ತಾಪವನ್ನು ಇಳಿಸುತ್ತದೆ. ಗಾಳಿಯಲ್ಲಿ ನೂರಕ್ಕೆ 78 ಪಾಲು ಇರುವ ಸಾರಜನಕವು ಸಾಮಾನ್ಯವಾಗಿ ಯಾವುದರ ಜೊತೆಗೂ ಸುಲಭವಾಗಿ ಸೇರುವುದಿಲ್ಲವಾದರೂ, ಸಿಲಿಂಡರಿನ ಒಳಗಿನ ತಾಪ ಸುಮಾರು 1,300–1,400 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಆಮ್ಲಜನಕದೊಂದಿಗೆ ಕೂಡಿ ಗಾಳಿಯನ್ನು ಕೆಡಿಸುವ ನೈಟ್ರೋಜನ್ ಆಕ್ಸೈಡುಗಳಾಗುತ್ತದೆ. ಪೆಟ್ರೋಲ್ ಕಾರುಗಳಿಗೆ ಈ ಆಕ್ಸೈಡುಗಳ ಮಿತಿ ಬಿಎಸ್–4 (ಭಾರತ್ ಸ್ಟೇಜ್) ಹೊಗೆ ನಿಯಮದಲ್ಲಿ ಕಿಲೋಮೀಟರಿಗೆ 0.08 ಗ್ರಾಂ ಇದ್ದದ್ದು, 2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಬಿಎಸ್–6ರಲ್ಲಿ 0.06 ಗ್ರಾಂಗೆ ಇಳಿಯಿತು.

ಹೊಗೆಯನ್ನು ಎಷ್ಟು, ಯಾವಾಗ ಬಿಡಬೇಕೆಂಬುದನ್ನು ಇಜಿಆರ್ ವಾಲ್ವ್ ನಿರ್ಧರಿಸುತ್ತದೆ. ಇಂಜಿನ್ ತಣ್ಣಗಿರುವಾಗ, ಐಡ್ಲಿಂಗಿನಲ್ಲಿ ಇರುವಾಗ ಮತ್ತು ಆಕ್ಸಿಲರೇಟರನ್ನು ಪೂರ್ತಿ ತುಳಿದಾಗ ಆ ವಾಲ್ವ್ ಸಾಮಾನ್ಯವಾಗಿ ಮುಚ್ಚಿಕೊಂಡೇ ಇರುತ್ತದೆ. ಹೆದ್ದಾರಿಯಲ್ಲಿ ಒಂದೇ ಹದದಲ್ಲಿ ಹೋಗುವಾಗ ತೆರೆದುಕೊಳ್ಳುತ್ತದೆ. ಈ ಮಾತನ್ನು ನೆನಪಿಟ್ಟುಕೊಳ್ಳಬೇಕು, ಏಕೆಂದರೆ ದೋಷ ಎಲ್ಲಿದೆಯೆಂದು ಹುಡುಕುವಾಗಲೂ, ಕೆಲಸ ಮುಗಿದ ಮೇಲೆ ಓಡಿಸಿ ನೋಡುವಾಗಲೂ ಇದೇ ಆಧಾರ.

ಪೈಪ್ ಬಿರುಕು ಬಿಡುವುದಕ್ಕೆ ಮುಖ್ಯ ಕಾರಣ ಶಾಖ. ಸ್ಟೇನ್‌ಲೆಸ್ ಸ್ಟೀಲಿನ 40 ಸೆಂಟಿಮೀಟರ್ ಉದ್ದದ ಪೈಪ್ 400 ಡಿಗ್ರಿಯಷ್ಟು ಬಿಸಿಯೇರಿದರೆ ಎರಡೂವರೆ ಮಿಲಿಮೀಟರಿಗಿಂತ ಹೆಚ್ಚು ಉದ್ದವಾಗುತ್ತದೆ. ಎರಡೂ ತುದಿಗಳು ಇಂಜಿನ್ನಿಗೆ ಬಿಗಿದಿರುವುದರಿಂದ ಈ ಹಿಗ್ಗುವಿಕೆಗೆ ಎಡೆಬೇಕು; ಅದಕ್ಕಾಗಿಯೇ ಹಲವು ಪೈಪುಗಳ ನಡುವೆ ಹಾರ್ಮೋನಿಯಂ ತಿದಿಯಂತೆ ಸುಕ್ಕುಗಟ್ಟಿದ ತೆಳು ತಗಡಿನ ಭಾಗ ಇಟ್ಟಿರುತ್ತಾರೆ, ಇನ್ನು ಕೆಲವನ್ನು ಬೇಕೆಂದೇ ಬಾಗಿಸಿರುತ್ತಾರೆ. ಪ್ರತಿ ಪ್ರಯಾಣದಲ್ಲೂ ಹಿಗ್ಗಿ ಕುಗ್ಗಿ ದಣಿಯುವುದು ಈ ಜಾಗವೇ. ಎರಡನೆಯ ಕಾರಣ ನೀರು. ಒಂದು ಲೀಟರ್ ಪೆಟ್ರೋಲ್ ಉರಿದಾಗ ಹೆಚ್ಚುಕಡಿಮೆ ಒಂದು ಲೀಟರಿನಷ್ಟೇ ನೀರು ಆವಿಯಾಗಿ ಹೊಗೆಯ ಜೊತೆ ಹೊರಬೀಳುತ್ತದೆ. ಹಂಪನಕಟ್ಟೆಯಿಂದ ಕಂಕನಾಡಿಗೆ, ಮಣಿಪಾಲದಿಂದ ಉಡುಪಿ ಪೇಟೆಗೆ ಎಂಬಂತಹ ಸಣ್ಣ ಓಡಾಟದಲ್ಲಿ ಪೈಪ್ ಸರಿಯಾಗಿ ಬಿಸಿಯಾಗುವ ಮೊದಲೇ ಕಾರು ನಿಲ್ಲುವುದರಿಂದ, ಆ ಆವಿ ಒಳಗೇ ನೀರಾಗಿ, ಹುಳಿ ಗುಣ ಪಡೆದು, ಲೋಹವನ್ನು ಒಳಗಿನಿಂದ ತಿನ್ನುತ್ತದೆ. ಹೊರಗಿನಿಂದ ತಿನ್ನುವುದಕ್ಕೆ ನಮ್ಮ ಕಡಲಗಾಳಿ ಇದ್ದೇ ಇದೆ.

ಬದಲಿಸುವ ಮೊದಲು: ದೋಷ ಪೈಪಿನದ್ದೇ ಎಂದು ಖಚಿತಪಡಿಸಿಕೊಳ್ಳುವುದು

ಇಂಜಿನ್ ಚೆಕ್ ಲೈಟ್ ಹತ್ತಿ, ಸ್ಕ್ಯಾನರಿನಲ್ಲಿ (ಕಾರಿನ ಕಂಪ್ಯೂಟರಿನಿಂದ ದೋಷದ ಕೋಡ್ ಓದುವ ಉಪಕರಣದಲ್ಲಿ) ಪಿ0401 ಎಂಬ ಕೋಡ್ ಕಂಡಿತೆಂದ ಮಾತ್ರಕ್ಕೆ ಪೈಪ್ ತರಲು ಅಂಗಡಿಗೆ ಹೋಗಬಾರದು. ಹೊಗೆಯ ಹರಿವು ಸಾಲದು ಎಂಬುದಷ್ಟೇ ಆ ಕೋಡಿನ ಅರ್ಥ. ಹೆಚ್ಚಿನ ಸಲ ಅದಕ್ಕೆ ಕಾರಣ ಮಸಿ ಕಟ್ಟಿದ ದಾರಿ ಅಥವಾ ಅಂಟಿಕೊಂಡ ವಾಲ್ವ್ ಆಗಿರುತ್ತದೆ. ಪೈಪನ್ನು ಬಿಚ್ಚಿ ನೋಡಿದರೆ ಒಳಗೆ ಡಾಂಬರಿನಂತಹ ಮಸಿ ತುಂಬಿದ್ದು, ಸ್ವಚ್ಛ ಮಾಡಿದ ಮೇಲೆ ಹಳೆಯ ಪೈಪೇ ಇನ್ನೂ ಹಲವು ವರ್ಷ ನಡೆದ ಉದಾಹರಣೆಗಳಿವೆ. ಪಿ0402 ಎಂದರೆ ಹರಿವು ಅತಿಯಾಗಿದೆ ಎಂದರ್ಥ, ಅದು ಸಾಮಾನ್ಯವಾಗಿ ತೆರೆದೇ ಉಳಿದ ವಾಲ್ವಿನ ಕಡೆಗೆ ಬೊಟ್ಟು ಮಾಡುತ್ತದೆ.

ಬಿರುಕು ವಾಲ್ವಿನ ಯಾವ ಬದಿಯಲ್ಲಿದೆ ಎಂಬುದರ ಮೇಲೆ ಲಕ್ಷಣಗಳು ಬೇರೆಯಾಗುತ್ತವೆ. ಎಕ್ಸಾಸ್ಟ್ ಮ್ಯಾನಿಫೋಲ್ಡಿನಿಂದ (ಸಿಲಿಂಡರುಗಳ ಹೊಗೆ ಕೂಡಿ ಹೊರಹೋಗುವ ಕೊಳವೆಯಿಂದ) ವಾಲ್ವಿನವರೆಗಿನ ಭಾಗ ಒಡೆದಿದ್ದರೆ ಹೊಗೆ ಹೊರಗೆ ಹಾರುತ್ತದೆ: ತಣ್ಣನೆಯ ಇಂಜಿನ್ನಿನಲ್ಲಿ ಟಿಕ್ ಟಿಕ್ ಶಬ್ದ, ಮಸಿಯ ಗುರುತು, ಕಾರಿನ ಒಳಗೆ ವಾಸನೆ. ಬಿಸಿಯಾದಾಗ ಲೋಹ ಹಿಗ್ಗಿ ಬಿರುಕು ಮುಚ್ಚಿಕೊಳ್ಳುವುದರಿಂದ ಶಬ್ದ ನಿಲ್ಲುತ್ತದೆ, ದೋಷ ಹಾಗೆಯೇ ಇರುತ್ತದೆ. ವಾಲ್ವಿನಿಂದ ಇನ್‌ಟೇಕ್ ಮ್ಯಾನಿಫೋಲ್ಡಿನವರೆಗಿನ ಭಾಗ ಒಡೆದಿದ್ದರೆ ಹೊಗೆ ಹೊರಬರುವ ಬದಲು ಹೊರಗಿನ ಗಾಳಿ ಒಳಕ್ಕೆ ಎಳೆಯಲ್ಪಡುತ್ತದೆ. ಐಡ್ಲಿಂಗ್ ಏರುಪೇರಾಗುತ್ತದೆ, ಸಿಗ್ನಲ್‌ನಲ್ಲಿ ನಿಂತಾಗ ಇಂಜಿನ್ ನಡುಗುತ್ತದೆ, ಗಾಳಿಗೆ ಹೋಲಿಸಿದರೆ ಪೆಟ್ರೋಲ್ ಸಾಲದು ಎನ್ನುವ ಪಿ0171 ಎಂಬ ಕೋಡ್ ಬರಬಹುದು. ಸ್ಕ್ಯಾನರಿನಲ್ಲಿ ಫ್ಯೂಯೆಲ್ ಟ್ರಿಮ್ (ಕಾರಿನ ಕಂಪ್ಯೂಟರ್ ಪೆಟ್ರೋಲನ್ನು ಎಷ್ಟು ಹೆಚ್ಚು ಕಡಿಮೆ ಮಾಡುತ್ತಿದೆ ಎಂಬ ಅಂಕಿ) ನೋಡುವ ಅನುಕೂಲವಿದ್ದರೆ, ಐಡ್ಲಿಂಗಿನಲ್ಲಿ ಹೆಚ್ಚಿದ್ದ ಅಂಕಿ 2,500 ಆರ್‌ಪಿಎಂಗೆ ಏರಿಸಿದಾಗ ಇಳಿಯುತ್ತದೆಯೇ ಎಂದು ಗಮನಿಸಬೇಕು; ಇಳಿದರೆ ಗಾಳಿ ಒಳಸೋರುತ್ತಿದೆ ಎನ್ನಲು ಅದು ಒಳ್ಳೆಯ ಸಾಕ್ಷಿ.

ಕೈಯಲ್ಲಿ ಸ್ಕ್ಯಾನರ್ ಇಲ್ಲದವರು ತೋಟಕ್ಕೆ ನೀರು ಬಿಡುವ ರಬ್ಬರ್ ಪೈಪಿನ ಒಂದು ಮೀಟರ್ ತುಂಡನ್ನು ತೆಗೆದುಕೊಂಡು, ಒಂದು ತುದಿಯನ್ನು ಕಿವಿಯ ಬಳಿ ಹಿಡಿದು, ಇನ್ನೊಂದನ್ನು ಇಜಿಆರ್ ಪೈಪಿನ ಉದ್ದಕ್ಕೂ ಎರಡು ಬೆರಳಿನ ಅಂತರದಲ್ಲಿ ಸಾಗಿಸಬೇಕು. ಇದನ್ನು ಕಾರು ರಾತ್ರಿಯಿಡೀ ನಿಂತಿದ್ದ ಮೇಲೆ, ಸ್ಟಾರ್ಟ್ ಮಾಡಿದ ಮೊದಲ ಒಂದೆರಡು ನಿಮಿಷದಲ್ಲೇ ಮಾಡಬೇಕು, ಮತ್ತು ಫ್ಯಾನ್ ಬೆಲ್ಟಿನಿಂದ ಪೈಪ್ ತುಂಡನ್ನೂ ಅಂಗಿಯ ತೋಳನ್ನೂ ದೂರವಿಡಬೇಕು. ಸೋರುವ ಜಾಗಕ್ಕೆ ಬಂದಾಗ ಶಬ್ದ ಕಿವಿಗೆ ಹೊಡೆದಂತೆ ಕೇಳುತ್ತದೆ. ಕಾರ್ಬ್ಯುರೇಟರ್ ಕ್ಲೀನರ್ ಸಿಂಪಡಿಸಿ ಸೋರಿಕೆ ಹುಡುಕುವ ರೂಢಿ ಕೆಲವೆಡೆ ಇದೆ. ಎಕ್ಸಾಸ್ಟ್ ಪಕ್ಕದಲ್ಲೇ ಇರುವಾಗ ಅದು ಬೆಂಕಿಯನ್ನು ಕರೆದು ಕೂರಿಸಿದಂತೆ, ದಯವಿಟ್ಟು ಮಾಡಬೇಡಿ.

ಪೈಪ್ ಒಡೆದಿದೆಯೆಂದು ಗೊತ್ತಾದ ಮೇಲೆ ಕೆಲಸ ಮಾಡುವ ದಿನದವರೆಗೂ ಒಂದು ಎಚ್ಚರಿಕೆ ಇರಲೇಬೇಕು. ಹೊರಗಾಳಿಯನ್ನು ಕಾರಿನ ಒಳಕ್ಕೆ ತರುವ ಜಾಲರಿ ವೈಪರಿನ ಬುಡದಲ್ಲಿ, ಅಂದರೆ ಇಂಜಿನ್ನಿನ ಹಿಂದುಗಡೆಯೇ ಇರುತ್ತದೆ. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯೂ ಇಲ್ಲ. ಹಾಗಾಗಿ ಕಿಟಕಿ ಸ್ವಲ್ಪ ಇಳಿಸಿಯೇ ಓಡಿಸಬೇಕು, ಮಕ್ಕಳನ್ನು ಎಸಿ ಹಾಕಿದ ನಿಂತ ಕಾರಿನಲ್ಲಿ ಮಲಗಿಸಬಾರದು.

ಸಾಮಾನು ಹೊಂದಿಸಿಕೊಳ್ಳುವುದು

ಪೈಪ್ ಕೊಳ್ಳುವಾಗ ಕಾರಿನ ಹೆಸರು ಮತ್ತು ವರ್ಷ ಹೇಳಿದರೆ ಸಾಲದು, ಆರ್‌ಸಿಯಲ್ಲಿರುವ 17 ಅಕ್ಷರ-ಅಂಕಿಗಳ ಚಾಸಿಸ್ ನಂಬರನ್ನೇ ಕೊಡಬೇಕು. ಒಂದೇ ಮಾದರಿಯ ಬಿಎಸ್–4 ಮತ್ತು ಬಿಎಸ್–6 ಇಂಜಿನ್ನುಗಳಲ್ಲಿ ಪೈಪಿನ ಬಾಗು, ಫ್ಲಾಂಜಿನ (ತುದಿಯಲ್ಲಿ ಬೋಲ್ಟ್ ಹಾಕುವ ಚಪ್ಪಟೆ ಭಾಗದ) ತೂತುಗಳ ಅಂತರ ಬೇರೆ ಇರಬಹುದು. ಪೈಪಿನ ಜೊತೆಗೆ ಎರಡೂ ತುದಿಯ ಗ್ಯಾಸ್ಕೆಟ್ (ಗ್ಯಾರೇಜಿನವರು ಪ್ಯಾಕಿಂಗ್ ಎನ್ನುತ್ತಾರೆ), ಹೊಸ ಬೋಲ್ಟ್, ಸ್ಟಡ್ (ತಲೆಯಿಲ್ಲದ, ನಟ್ಟು ಹಾಕುವ ಬೋಲ್ಟ್), ನಟ್ಟುಗಳನ್ನು ಕಡ್ಡಾಯವಾಗಿ ತರಬೇಕು. ಲೋಹದ ಗ್ಯಾಸ್ಕೆಟ್ ಒಮ್ಮೆ ಅದುಮಿಸಿಕೊಂಡ ಮೇಲೆ ಮತ್ತೆ ಅದೇ ಬಿಗಿ ಕೊಡುವುದಿಲ್ಲ. ಗುಜರಿಯಲ್ಲಿ ಸಿಗುವ ಹಳೆಯ ಪೈಪ್ ಅಗ್ಗವಾದರೂ ಬೇಡ. ಅದು ಎಷ್ಟು ಸಾವಿರ ಸಲ ಹಿಗ್ಗಿ ಕುಗ್ಗಿದೆಯೋ ಹೊರನೋಟಕ್ಕೆ ತಿಳಿಯುವುದಿಲ್ಲ. ಒಡೆದ ಪೈಪಿಗೆ ವೆಲ್ಡಿಂಗ್ ಮಾಡಿಸುವುದೂ ತಾತ್ಕಾಲಿಕವೇ. ಗಟ್ಟಿ ಪೈಪಿನ ಮೇಲಿನ ವೆಲ್ಡ್ ಕೆಲವು ತಿಂಗಳು ನಿಲ್ಲಬಹುದು, ಸುಕ್ಕಿನ ಭಾಗಕ್ಕೆ ವೆಲ್ಡ್ ಹಾಕಿದರೆ ಹಿಗ್ಗುವ ಎಡೆಯೇ ಹೋಗಿ ಪಕ್ಕದಲ್ಲಿ ಹೊಸ ಬಿರುಕು ಹುಟ್ಟುತ್ತದೆ.

ಇನ್ನು ಕೆಲವರು ತಗಡಿನ ತುಂಡು ಇಟ್ಟು ದಾರಿಯನ್ನೇ ಮುಚ್ಚಿಬಿಡಿ ಎಂದು ಸಲಹೆ ಕೊಡುವುದುಂಟು. ಎಮಿಷನ್ ಟೆಸ್ಟಿನಲ್ಲಿ ಪಾಸಾಗುತ್ತದಲ್ಲ ಎಂಬುದು ಅವರ ವಾದ. ಪೆಟ್ರೋಲ್ ಕಾರಿಗೆ ಆ ಪರೀಕ್ಷೆಯಲ್ಲಿ ನಿಂತಲ್ಲೇ ಇಂಜಿನ್ ಓಡಿಸಿ ಕಾರ್ಬನ್ ಮಾನಾಕ್ಸೈಡ್, ಹೈಡ್ರೋಕಾರ್ಬನ್ನುಗಳನ್ನು ಅಳೆಯುತ್ತಾರೆಯೇ ಹೊರತು ನೈಟ್ರೋಜನ್ ಆಕ್ಸೈಡನ್ನು ಅಳೆಯುವುದಿಲ್ಲ. ಆದ್ದರಿಂದ ಪಾಸಾದದ್ದು ಯಾವುದಕ್ಕೂ ಪುರಾವೆಯಲ್ಲ. ದಾರಿ ಮುಚ್ಚಿದರೆ ಉರಿಯುವ ತಾಪ ಏರುತ್ತದೆ, ಶಿರಾಡಿ ಘಾಟಿ ಹತ್ತುವಾಗ ನಾಕಿಂಗ್ ಶಬ್ದ ಬರಬಹುದು, ಚೆಕ್ ಲೈಟ್ ಆರುವುದಿಲ್ಲ. ನಮ್ಮ ಊರಿನ ಗಾಳಿಯನ್ನು ನಾವೇ ಕೆಡಿಸಿದಂತಾಗುತ್ತದೆ ಎಂಬುದು ನನಗೆ ಇವೆಲ್ಲಕ್ಕಿಂತ ದೊಡ್ಡ ಕಾರಣ.

ಉಪಕರಣಗಳಲ್ಲಿ 10, 12, 13 ಮತ್ತು 14 ಮಿಲಿಮೀಟರಿನ ಸಾಕೆಟ್ ಹಾಗೂ ರಿಂಗ್ ಸ್ಪ್ಯಾನರ್, ಉದ್ದದ ಎಕ್ಸ್‌ಟೆನ್ಷನ್, ಟಾರ್ಕ್ ರೆಂಚ್ (ಬಿಗಿಯನ್ನು ಅಳೆದು ಕೊಡುವ ಸ್ಪ್ಯಾನರ್), ವೈರ್ ಬ್ರಷ್, ಪ್ಲಾಸ್ಟಿಕ್ ಅಥವಾ ಹಿತ್ತಾಳೆಯ ಸ್ಕ್ರೇಪರ್, ತುಕ್ಕು ಸಡಿಲಿಸುವ ಸ್ಪ್ರೇ, ಹೆಚ್ಚು ಶಾಖ ತಡೆಯುವ ಆ್ಯಂಟಿ ಸೀಜ್ ಪೇಸ್ಟ್ (ಥ್ರೆಡ್ಡುಗಳು ಅಂಟಿ ಹಿಡಿಯದಂತೆ ಸವರುವುದು), ಒಳ್ಳೆಯ ಟಾರ್ಚ್, ಕೈಗವಸು ಮತ್ತು ಕಣ್ಣಿಗೆ ಕನ್ನಡಕ ಬೇಕು. ಸಾಕೆಟ್ ಆರು ಮೂಲೆಯದ್ದೇ ಇರಲಿ. ಹನ್ನೆರಡು ಮೂಲೆಯ ಸಾಕೆಟ್ ತುಕ್ಕು ಹಿಡಿದ ನಟ್ಟಿನ ಮೂಲೆಗಳನ್ನು ಸವೆಸಿ ಅದನ್ನು ಗುಂಡಗೆ ಮಾಡಿಬಿಡುತ್ತದೆ, ಆಮೇಲೆ ಹಿಡಿಯಲು ಏನೂ ಉಳಿಯುವುದಿಲ್ಲ.

ಹಿಂದಿನ ದಿನದ ಕೆಲಸ

ಕರಾವಳಿಯಲ್ಲಿ ಈ ಕೆಲಸದ ಮುಕ್ಕಾಲು ಪಾಲು ಇರುವುದು ನಟ್ಟು ಬಿಚ್ಚುವುದರಲ್ಲಿ. ಬೆಂಗಳೂರಿನ ಕಾರಿನಲ್ಲಿ ಒಂದು ಗಂಟೆಯಲ್ಲಿ ಮುಗಿಯುವುದು ಮಲ್ಪೆ, ಪಣಂಬೂರು, ಉಳ್ಳಾಲದ ಕಾರಿನಲ್ಲಿ ಎರಡು ದಿನ ತೆಗೆದುಕೊಂಡರೆ ಅದರಲ್ಲಿ ಅವಮಾನವೇನೂ ಇಲ್ಲ. ಆದ್ದರಿಂದ ಕೆಲಸವನ್ನು ಹಿಂದಿನ ದಿನ ಸಂಜೆಯೇ ಆರಂಭಿಸಬೇಕು. ಕಾರು ಕನಿಷ್ಠ ಮೂರು ಗಂಟೆ ನಿಂತು ಪೂರ್ತಿ ತಣಿದ ಮೇಲೆ, ನಟ್ಟು ಮತ್ತು ಸ್ಟಡ್‌ನ ಹೊರಚಾಚಿದ ಥ್ರೆಡ್ಡನ್ನು ವೈರ್ ಬ್ರಷ್ಷಿನಿಂದ ಉಜ್ಜಿ ತುಕ್ಕಿನ ಪುಡಿ ಉದುರಿಸಬೇಕು. ಉಜ್ಜದೆ ಸ್ಪ್ರೇ ಹೊಡೆದರೆ ಎಣ್ಣೆ ಪುಡಿಯಲ್ಲೇ ಹೀರಿಕೊಂಡು ಥ್ರೆಡ್ಡಿನ ಒಳಗೆ ಇಳಿಯುವುದಿಲ್ಲ. ಉಜ್ಜಿದ ಮೇಲೆ ಸ್ಪ್ರೇ ಹಾಕಿ, ಸಣ್ಣ ಸುತ್ತಿಗೆಯಿಂದ ನಟ್ಟಿನ ತಲೆಗೆ ಹಗುರವಾಗಿ ನಾಲ್ಕಾರು ಸಲ ತಟ್ಟಿ, ಅರ್ಧ ಗಂಟೆ ಬಿಟ್ಟು ಮತ್ತೊಮ್ಮೆ ಸ್ಪ್ರೇ ಹಾಕಿ, ರಾತ್ರಿ ಹಾಗೆಯೇ ಬಿಡಬೇಕು.

ಮಳೆಗಾಲದಲ್ಲಿ ಅಂಗಳದಲ್ಲಿ ಕೆಲಸ ಮಾಡುವುದು ಬೇಡ. ತಪ್ಪದಿದ್ದರೆ ಗಟ್ಟಿ ಕಾಂಕ್ರೀಟ್ ನೆಲ, ಮೇಲೆ ಮಾಡು ಇರುವಲ್ಲಿ ಮಾತ್ರ ಮಾಡಬೇಕು. ಕಾರಿನ ಅಡಿಗೆ ಹೋಗಬೇಕಾದ ವಿನ್ಯಾಸವಾಗಿದ್ದರೆ ಜ್ಯಾಕ್ ಸ್ಟ್ಯಾಂಡುಗಳನ್ನೇ ಇಡಬೇಕು. ನಮ್ಮಲ್ಲಿ ಕೈಗೆ ಸುಲಭವಾಗಿ ಸಿಗುವುದು ಕೆಂಪುಕಲ್ಲು. ಅದನ್ನು ಚಕ್ರದ ಮುಂದೆ ಅಡ್ಡ ಇಡುವುದಕ್ಕೆ ಬಳಸಬಹುದೇ ಹೊರತು ಕಾರಿನ ಭಾರ ಹೊರಿಸುವುದಕ್ಕೆ ಖಂಡಿತ ಬಳಸಬಾರದು. ತೂತುತೂತಾದ ಆ ಕಲ್ಲು ಯಾವ ಮುನ್ಸೂಚನೆಯೂ ಇಲ್ಲದೆ ಸೀಳಿಹೋಗುತ್ತದೆ, ಮಳೆಯಲ್ಲಿ ನೆಂದದ್ದಾದರೆ ಇನ್ನೂ ಬೇಗ.

ಬಿಚ್ಚುವುದು

ಮರುದಿನ ಮೊದಲು ಬ್ಯಾಟರಿಯ ನೆಗೆಟಿವ್ ವಯರನ್ನು ತೆಗೆಯಬೇಕು. ಆಮೇಲೆ ಏರ್ ಫಿಲ್ಟರಿನ ಡಬ್ಬಿ, ಅದರ ರಬ್ಬರ್ ಕೊಳವೆ, ಅಡ್ಡ ಬರುವ ವಯರಿನ ಕನೆಕ್ಟರುಗಳು, ಎಕ್ಸಾಸ್ಟ್ ಮ್ಯಾನಿಫೋಲ್ಡಿನ ಮೇಲಿರುವ ಶಾಖ ತಡೆಯುವ ತಗಡು ಇವುಗಳನ್ನು ಒಂದೊಂದಾಗಿ ಬಿಚ್ಚುತ್ತಾ, ಪ್ರತಿ ಹಂತದಲ್ಲೂ ಮೊಬೈಲಿನಲ್ಲಿ ಫೋಟೋ ತೆಗೆದುಕೊಳ್ಳಬೇಕು. ತಗಡಿನ ಸಣ್ಣ ಬೋಲ್ಟುಗಳು ಬಲು ನಾಜೂಕು. ಅವಕ್ಕೂ ಹಿಂದಿನ ದಿನವೇ ಎಣ್ಣೆ ಹಾಕಿರಬೇಕು.

ಕೂಲಂಟ್ ಹರಿಯುವ ಇಜಿಆರ್ ಕೂಲರ್ ಇರುವ ಇಂಜಿನ್ನುಗಳಲ್ಲಿ, ಉದಾಹರಣೆಗೆ ಮಾರುತಿ ಸುಜುಕಿ 2021ರ ಸ್ವಿಫ್ಟ್‌ನಲ್ಲಿ ಕೊಟ್ಟ ಡ್ಯುಯಲ್‌ಜೆಟ್ ಇಂಜಿನ್ನಿನಂಥವುಗಳಲ್ಲಿ, ಕೂಲರನ್ನೂ ಬಿಚ್ಚಬೇಕಾದರೆ ಕೂಲಂಟ್ ಹೊರತೆಗೆದು, ಮತ್ತೆ ತುಂಬಿ, ಗಾಳಿ ಹೊರಹಾಕುವ ಕೆಲಸವೂ ಸೇರುತ್ತದೆ. ಅಂತಹ ಇಂಜಿನ್ನನ್ನು ಮೊದಲ ಪ್ರಯೋಗಕ್ಕೆ ಆರಿಸಿಕೊಳ್ಳದಿರುವುದು ಒಳ್ಳೆಯದು.

ಈಗ ಮುಖ್ಯ ನಟ್ಟು. ಸಾಕೆಟನ್ನು ಪೂರ್ತಿ ಒಳಕ್ಕೆ ಕೂರಿಸಿ, ಮೊದಲು ಬಿಚ್ಚುವ ಕಡೆಗಲ್ಲ, ಬಿಗಿಯುವ ಕಡೆಗೆ ಕೂದಲೆಳೆಯಷ್ಟು ತಿರುಗಿಸಿ ನೋಡಬೇಕು. ತುಕ್ಕಿನ ಹಿಡಿತ ಮುರಿಯುವುದು ಆಗಲೇ. ಸಣ್ಣಗೆ ಕಿರ್ ಎಂದು ಶಬ್ದ ಬಂದರೆ ಶುಭಸೂಚನೆ. ಆಮೇಲೆ ಬಿಚ್ಚುವ ಕಡೆಗೆ ಕಾಲು ಸುತ್ತು ತಿರುಗಿಸಿ, ನಿಲ್ಲಿಸಿ, ಅರ್ಧದಷ್ಟು ಹಿಂದಕ್ಕೆ ತಂದು, ಒಂದು ಹನಿ ಎಣ್ಣೆ ಹಾಕಿ, ಮತ್ತೆ ಕಾಲು ಸುತ್ತು. ನನ್ನ ಕಾರಿನ ಕೆಳಗಿನ ನಟ್ಟು ಹೀಗೆ ಮುಂದೆ ಹಿಂದೆ ಆಡಿಸುತ್ತಾ ಹೊರಬರಲು ನಲವತ್ತು ನಿಮಿಷ ಹಿಡಿಯಿತು. ಎಣ್ಣೆಯ ಜೊತೆ ಅರಿಶಿನ–ಕುಂಕುಮ ಕಲಸಿದಂತಹ ಕೆಂಪು ಕೆಸರು ಥ್ರೆಡ್ಡಿನಿಂದ ಜಿನುಗಿ ಬೆರಳಿಗೆ ಅಂಟುತ್ತಿತ್ತು. ಆ ಕೆಸರು ಬರುತ್ತಿರುವವರೆಗೆ ನಟ್ಟು ಬಿಟ್ಟುಕೊಡುತ್ತಿದೆ ಎಂದು ತಿಳಿಯಬಹುದು. ಬದಲಾಗಿ ನಟ್ಟು ತಿರುಗುತ್ತಿರುವಾಗಲೇ ಕೈಗೆ ಬೆಲ್ಲದ ಪಾಕ ಎಳೆದಂತೆ ಮೆತ್ತಗೆ, ನೀಳವಾಗಿ ಅನ್ನಿಸತೊಡಗಿದರೆ ಸ್ಟಡ್ ತಿರುಚಿಕೊಳ್ಳುತ್ತಿದೆ ಎಂದರ್ಥ. ಆ ಕ್ಷಣವೇ ಕೈ ಬಿಡಬೇಕು. ಇನ್ನೊಂದು ಇಂಚು ಎಳೆದರೆ ಅದು ತುಂಡಾಗುತ್ತದೆ.

ಇದನ್ನು ಅನುಭವದಿಂದ ಹೇಳುತ್ತಿದ್ದೇನೆ. ಎರಡನೆಯ ಕಾರಿನಲ್ಲಿ, ಸುರತ್ಕಲ್‌ನ ಭಾವನ ಮನೆಯಲ್ಲಿ, ಮಧ್ಯಾಹ್ನದ ಊಟಕ್ಕೆ ಕರೆ ಬಂದಿತೆಂದು ಅವಸರ ಮಾಡಿ, ರಾಚೆಟ್ಟಿನ ಹಿಡಿಗೆ ಕಬ್ಬಿಣದ ಕೊಳವೆ ತೊಡಿಸಿ ಎಳೆದೆ. ಸ್ಟಡ್ ಸಿಲಿಂಡರ್ ಹೆಡ್ಡಿನ ಮಟ್ಟಕ್ಕೆ ಸರಿಯಾಗಿ ತುಂಡಾಯಿತು. ಹೀಗಾದಾಗ ಮನೆಯ ಡ್ರಿಲ್ ಮೆಷಿನ್ ಹಿಡಿದು ಮುಂದುವರಿಯಬಾರದು. ಹೆಡ್ ಅಲ್ಯೂಮಿನಿಯಮ್ಮಿನದ್ದು, ಸ್ಟಡ್ ಉಕ್ಕಿನದ್ದು. ಡ್ರಿಲ್ ಬಿಟ್ ಗಟ್ಟಿಯಾದ ಉಕ್ಕಿನಿಂದ ಜಾರಿ ಮೆತ್ತನೆಯ ಅಲ್ಯೂಮಿನಿಯಮ್ಮನ್ನೇ ಕೊರೆಯುತ್ತದೆ. ಲೇತ್ ಕೆಲಸ ಬಲ್ಲವರನ್ನು ಕರೆಸಿ, ತುಂಡಿನ ಮೇಲೆ ನಟ್ಟು ಇಟ್ಟು ವೆಲ್ಡ್ ಮಾಡಿಸಿ ತೆಗೆಸುವುದು, ಅದೂ ಆಗದಿದ್ದರೆ ನಡುವೆ ಕೊರೆಸಿ ಹೊಸ ಥ್ರೆಡ್ ತುಣುಕು ಕೂರಿಸುವುದು ಸರಿಯಾದ ದಾರಿ. ವೆಲ್ಡ್ ಮಾಡುವಾಗ ಬ್ಯಾಟರಿಯ ವಯರ್ ತೆಗೆದೇ ಇರಬೇಕು. ಬ್ಲೋ ಟಾರ್ಚಿನಿಂದ ನಟ್ಟು ಕಾಯಿಸುವ ಉಪಾಯವೂ ಗ್ಯಾರೇಜಿನವರಿಗೇ ಇರಲಿ: ನಾವು ಹಾಕಿದ ಸ್ಪ್ರೇ ಬೆಂಕಿ ಹಿಡಿಯುವಂಥದ್ದು, ಪೆಟ್ರೋಲ್ ಪೈಪ್ ಒಂದು ಗೇಣು ದೂರದಲ್ಲೇ ಇರುತ್ತದೆ.

ಎರಡೂ ತುದಿಯ ನಟ್ಟುಗಳನ್ನು ಮೊದಲು ಸಡಿಲಿಸಿ, ನಡುವೆ ಬ್ರಾಕೆಟ್ ಇದ್ದರೆ ಅದನ್ನೂ ಸಡಿಲಿಸಿ, ಆಮೇಲೆ ಮಾತ್ರ ಪೂರ್ತಿ ತೆಗೆಯಬೇಕು. ಪೈಪ್ ಹೊರಬಂದ ಕೂಡಲೇ ತೆರೆದ ಬಾಯಿಗಳಿಗೆ ಸ್ವಚ್ಛ ಬಟ್ಟೆ ತುರುಕಬೇಕು. ಎಷ್ಟು ತುಂಡು ಬಟ್ಟೆ ಇಟ್ಟೆವು ಎಂಬುದನ್ನು ಕಾಗದದಲ್ಲಿ ಬರೆದಿಡಬೇಕು. ಇನ್‌ಟೇಕಿನ ಬಾಯಲ್ಲಿ ಮರೆತುಹೋದ ಬಟ್ಟೆ ಇಂಜಿನ್ನಿನ ಒಳಕ್ಕೆ ಹೋಗುವಂಥದ್ದು.

ಮುಖ ಸ್ವಚ್ಛ ಮಾಡುವುದು

ಹಳೆಯ ಗ್ಯಾಸ್ಕೆಟ್ಟಿನ ಚೂರು ಮತ್ತು ಮಸಿಯನ್ನು ಸ್ಕ್ರೇಪರಿನಿಂದ ಕೆರೆದು ತೆಗೆಯಬೇಕು. ಅಲ್ಯೂಮಿನಿಯಮ್ಮಿನ ಮುಖಕ್ಕೆ ಉಕ್ಕಿನ ಸ್ಕ್ರೇಪರ್, ಎಮೆರಿ ಪೇಪರ್, ಗ್ರೈಂಡರ್ ಯಾವುದನ್ನೂ ಮುಟ್ಟಿಸಬಾರದು. ಒಂದು ಗೀರು ಬಿದ್ದರೂ ಹೊಗೆ ಅದರಲ್ಲೇ ದಾರಿ ಮಾಡಿಕೊಳ್ಳುತ್ತದೆ. ಕೆರೆದ ಮೇಲೆ ಸ್ಟೀಲ್ ಸ್ಕೇಲನ್ನು ಅಂಚಿನ ಮೇಲೆ ನಿಲ್ಲಿಸಿ, ಹಿಂದಿನಿಂದ ಟಾರ್ಚ್ ಬಿಟ್ಟು ನೋಡಿದರೆ ಮುಖ ಸಮವಾಗಿದೆಯೇ ಎಂಬುದು ತಿಳಿಯುತ್ತದೆ.

ಇಷ್ಟು ಬಿಚ್ಚಿದ ಮೇಲೆ ವಾಲ್ವಿನ ಬಾಯನ್ನೂ ನೋಡದೆ ಬಿಡುವುದು ತಪ್ಪು. ಮಸಿ ಕಟ್ಟಿದ್ದರೆ ವಾಲ್ವನ್ನು ಕಳಚಿ, ಮೋಟಾರು ಮತ್ತು ಕನೆಕ್ಟರ್ ಇರುವ ಭಾಗ ಮೇಲಿರುವಂತೆ ಹಿಡಿದು, ಕೆಳಗಿನ ಲೋಹದ ಭಾಗಕ್ಕೆ ಮಾತ್ರ ಕ್ಲೀನರ್ ಹಾಕಿ ಹಳೆಯ ಟೂತ್‌ಬ್ರಷ್ಷಿನಿಂದ ಉಜ್ಜಬೇಕು. ಇಡೀ ವಾಲ್ವನ್ನು ಪೆಟ್ರೋಲಿನಲ್ಲಿ ಮುಳುಗಿಸಿಟ್ಟರೆ ಮೋಟಾರು ಕೆಡುತ್ತದೆ.

ಹೊಸ ಪೈಪ್ ಕೂರಿಸುವುದು

ಹಳೆಯ ಮತ್ತು ಹೊಸ ಪೈಪುಗಳನ್ನು ನೆಲದ ಮೇಲೆ ಅಕ್ಕಪಕ್ಕ ಇಟ್ಟು ಬಾಗು, ಉದ್ದ, ತೂತು ಎಲ್ಲವನ್ನೂ ಹೋಲಿಸಿ ನೋಡಬೇಕು. ವ್ಯತ್ಯಾಸ ಕಂಡರೆ ಅಂಗಡಿಗೆ ಮರಳಿಸಬೇಕು, ಬಗ್ಗಿಸಿ ಕೂರಿಸಲು ಹೋಗಬಾರದು. ಈ ಮಾತಿಗೆ ನಾನು ಹೆಚ್ಚು ಒತ್ತು ಕೊಡುತ್ತೇನೆ, ಏಕೆಂದರೆ ಹೊಸ ಪೈಪ್ ಆರು ತಿಂಗಳಲ್ಲೇ ಮತ್ತೆ ಒಡೆಯಿತು ಎಂದು ದೂರುವ ಕಡೆಯಲ್ಲೆಲ್ಲ ವಿಚಾರಿಸಿ ನೋಡಿದರೆ, ಬಹಳ ಸಲ ಒಂದು ತುದಿಯನ್ನು ಪೂರ್ತಿ ಬಿಗಿದು, ಇನ್ನೊಂದು ತುದಿಯ ಎರಡು ಮಿಲಿಮೀಟರ್ ಅಂತರವನ್ನು ಬೋಲ್ಟಿನ ಬಲದಿಂದಲೇ ಎಳೆದು ಮುಚ್ಚಿರುತ್ತಾರೆ. ಹಾಗೆ ಕೂತ ಪೈಪ್ ತಣ್ಣಗಿರುವಾಗಲೂ ಎಳೆತದಲ್ಲೇ ಇರುತ್ತದೆ. ಬಿಸಿಯಾದಾಗಿನ ಹಿಗ್ಗುವಿಕೆ ಅದರ ಮೇಲೆ ಇನ್ನೊಂದು ಹೊರೆ.

ಆದ್ದರಿಂದ ಕ್ರಮ ಹೀಗಿರಲಿ. ತುರುಕಿದ್ದ ಬಟ್ಟೆಗಳನ್ನು ಎಣಿಸಿ ತೆಗೆದು, ಗ್ಯಾಸ್ಕೆಟ್ಟುಗಳನ್ನು ಒಣಗಿದಂತೆಯೇ ಇಟ್ಟು, ಎರಡೂ ತುದಿಯ ಮತ್ತು ಬ್ರಾಕೆಟ್ಟಿನ ಎಲ್ಲ ಬೋಲ್ಟುಗಳನ್ನು ಬೆರಳಿನಿಂದಲೇ ಮೂರು ನಾಲ್ಕು ಸುತ್ತು ಹಿಡಿಸಬೇಕು. ಬೆರಳಿಗೆ ಬಗ್ಗದ ಬೋಲ್ಟ್ ಓರೆಯಾಗಿ ಹಿಡಿದಿದೆ ಎಂದರ್ಥ, ಸ್ಪ್ಯಾನರ್ ಹಾಕಿದರೆ ಥ್ರೆಡ್ ಹೋಗುತ್ತದೆ. ಗ್ಯಾಸ್ಕೆಟ್ಟಿಗೆ ಸಿಲಿಕಾನ್ ಬಳಿಯಬಾರದು. ಕೆಂಪು ಬಣ್ಣದ ಶಾಖ ತಡೆಯುವ ಸಿಲಿಕಾನ್ ಕೂಡ ಎಕ್ಸಾಸ್ಟ್ ಬುಡದ ತಾಪಕ್ಕೆ ಬಾಳುವುದಿಲ್ಲ. ಆ್ಯಂಟಿ ಸೀಜ್ ಪೇಸ್ಟನ್ನು ಥ್ರೆಡ್ಡಿಗೆ ಮಾತ್ರ, ತೆಳ್ಳಗೆ ಸವರಬೇಕು. ಕಡಲ ಬದಿಯ ಕಾರಿಗೆ ಮುಂದೆ ಎಂದಾದರೂ ಇದನ್ನು ಬಿಚ್ಚಬೇಕಾದಾಗ ಅದರ ಬೆಲೆ ತಿಳಿಯುತ್ತದೆ.

ಎಲ್ಲ ಬೋಲ್ಟುಗಳೂ ಸಡಿಲವಾಗಿ ಹಿಡಿದ ಮೇಲೆ ಪೈಪನ್ನು ಕೈಯಲ್ಲಿ ಮೆಲ್ಲಗೆ ಅಲುಗಿಸಿ ತನ್ನ ಜಾಗಕ್ಕೆ ತಾನೇ ಕೂರುವಂತೆ ಬಿಡಬೇಕು. ನಂತರ ಒಂದು ತುದಿಯ ಎರಡು ಬೋಲ್ಟುಗಳನ್ನು ಸರದಿಯಂತೆ ಸ್ವಲ್ಪ ಸ್ವಲ್ಪ, ಮತ್ತೆ ಇನ್ನೊಂದು ತುದಿಯದನ್ನು ಅದೇ ರೀತಿ, ಫ್ಲಾಂಜ್ ಎಲ್ಲ ಕಡೆಯಿಂದಲೂ ಸಮವಾಗಿ ಮುಖಕ್ಕೆ ತಾಗುವಂತೆ ಬಿಗಿಯುತ್ತಾ ಹೋಗಬೇಕು. ಕೊನೆಯ ಬಿಗಿಯನ್ನು ಟಾರ್ಕ್ ರೆಂಚಿನಿಂದ ಕೊಡಬೇಕು. 8 ಮಿಲಿಮೀಟರ್ ದಪ್ಪದ ಬೋಲ್ಟುಗಳಿಗೆ ಸಾಮಾನ್ಯವಾಗಿ 20ರಿಂದ 25 ನ್ಯೂಟನ್ ಮೀಟರ್, 6 ಮಿಲಿಮೀಟರಿನವಕ್ಕೆ 8ರಿಂದ 10 ನ್ಯೂಟನ್ ಮೀಟರ್ ಇರುತ್ತದೆ. ಆದರೂ ತಮ್ಮ ಕಾರಿನ ಸರ್ವಿಸ್ ಮ್ಯಾನುವಲ್ ಹೇಳಿದ ಅಂಕಿಯೇ ಅಂತಿಮ, ಪೇಸ್ಟ್ ಸವರಿದ ಥ್ರೆಡ್ಡಿಗೆ ಆ ಅಂಕಿಯ ಕೆಳಬದಿಯಲ್ಲೇ ನಿಲ್ಲಿಸುವುದು ಕ್ಷೇಮ. ಬ್ರಾಕೆಟ್ಟನ್ನು ಎಲ್ಲಕ್ಕಿಂತ ಕೊನೆಗೆ ಬಿಗಿಯಬೇಕು.

ಶಾಖದ ತಗಡನ್ನು ಮರಳಿ ಹಾಕಲು ಸೋಮಾರಿತನ ಮಾಡಬಾರದು. ಪಕ್ಕದ ವಯರುಗಳನ್ನು ಕಾಯುತ್ತಿರುವುದು ಅದೇ. ಯಾವ ವಯರೂ ರಬ್ಬರ್ ಕೊಳವೆಯೂ ಹೊಸ ಪೈಪಿಗೆ ತಾಗುತ್ತಿಲ್ಲವೆಂದು ಟಾರ್ಚ್ ಹಾಕಿ ನೋಡಿ, ಫೋಟೋಗಳೊಂದಿಗೆ ಹೋಲಿಸಿ, ಕೊನೆಗೆ ಬ್ಯಾಟರಿ ಜೋಡಿಸಬೇಕು.

ಓಡಿಸಿ ನೋಡುವುದು

ಕಾರನ್ನು ಮಾಡಿನಿಂದ ಹೊರಗೆ, ಬಯಲಿಗೆ ತಳ್ಳಿ ನಿಲ್ಲಿಸಿಯೇ ಸ್ಟಾರ್ಟ್ ಮಾಡಬೇಕು. ಮೊದಲ ಐದು ಹತ್ತು ನಿಮಿಷ ಮ್ಯಾನಿಫೋಲ್ಡಿನ ಸುತ್ತ ತೆಳು ಹೊಗೆ, ಎಣ್ಣೆ ಸುಟ್ಟ ವಾಸನೆ ಬಂದರೆ ಗಾಬರಿಯಾಗಬೇಕಿಲ್ಲ. ಅದು ನಾವು ಹಾಕಿದ ಸ್ಪ್ರೇ ಉರಿದು ಹೋಗುವುದು. ಟಿಕ್ ಟಿಕ್ ಶಬ್ದ ಇನ್ನೂ ಇದ್ದರೆ ಕೂಡಲೇ ಆರಿಸಿ, ತಣಿದ ಮೇಲೆ ಗ್ಯಾಸ್ಕೆಟ್ ಸರಿಯಾಗಿ ಕೂತಿದೆಯೇ ನೋಡಬೇಕು. ಬಿಸಿಯಾಗಿರುವಾಗ ಸ್ಪ್ಯಾನರ್ ಹಾಕುವುದು ಕೈಗೂ ಕೆಡುಕು, ಥ್ರೆಡ್ಡಿಗೂ ಕೆಡುಕು.

ಕೋಡನ್ನು ಸ್ಕ್ಯಾನರಿನಿಂದ ಅಳಿಸಿದ ಮೇಲೆ, ವಾಲ್ವ್ ತೆರೆದುಕೊಳ್ಳುವಂತಹ ಓಟ ಬೇಕು. ಪೇಟೆಯಲ್ಲಿ ನಿಂತು ಹೊರಡುವ ಓಡಾಟ ಇದಕ್ಕೆ ಪ್ರಯೋಜನವಿಲ್ಲ. ಇಂಜಿನ್ ಪೂರ್ತಿ ಬಿಸಿಯಾದ ಮೇಲೆ ಹೆದ್ದಾರಿ 66ರಲ್ಲಿ, ಬೆಳಿಗ್ಗೆ ವಾಹನ ಕಡಿಮೆಯಿರುವಾಗ, ಕಟಪಾಡಿಯಿಂದ ಪಡುಬಿದ್ರಿಗೆ ಹೋಗಿ ಬರುವಷ್ಟು ದೂರ, 60–70 ಕಿಲೋಮೀಟರ್ ವೇಗದಲ್ಲಿ ಆಕ್ಸಿಲರೇಟರನ್ನು ಒಂದೇ ಹದದಲ್ಲಿ ಹಿಡಿದು ಓಡಿಸಿದರೆ ಸಾಕು. ಹಿಂದಿರುಗಿದ ಮೇಲೆ ಐಡ್ಲಿಂಗ್ ಸ್ಥಿರವಾಗಿರಬೇಕು.

ರಾತ್ರಿ ಪೂರ್ತಿ ತಣಿದ ಕಾರಿನ ಬೋಲ್ಟುಗಳ ಬಿಗಿಯನ್ನು ಮರುದಿನ ಬೆಳಿಗ್ಗೆ ಟಾರ್ಕ್ ರೆಂಚಿನಿಂದ ಒಮ್ಮೆ ಪರೀಕ್ಷಿಸಬೇಕು. ಹೊಸ ಗ್ಯಾಸ್ಕೆಟ್ ಮೊದಲ ಬಿಸಿಗೆ ಸ್ವಲ್ಪ ಕುಗ್ಗುವುದರಿಂದ ಕಾಲು ಸುತ್ತಿಗಿಂತ ಕಡಿಮೆ ಸಡಿಲ ಕಾಣಬಹುದು. ಒಂದು ವಾರದ ನಂತರ ಎರಡೂ ಜೋಡಣೆಗಳ ಸುತ್ತ ಬಿಳಿ ಬಟ್ಟೆಯ ತುದಿಯನ್ನು ಒತ್ತಿ ನೋಡಬೇಕು. ಬಟ್ಟೆಗೆ ಕಪ್ಪು ಹತ್ತದಿದ್ದರೆ, ಕೆಲಸ ಮಾಡಿದ ದಿನಾಂಕವನ್ನೂ ಮೀಟರಿನಲ್ಲಿರುವ ಕಿಲೋಮೀಟರನ್ನೂ ಸರ್ವಿಸ್ ಪುಸ್ತಕದಲ್ಲಿ ಬರೆದಿಟ್ಟು, ಹಳೆಯ ಪೈಪನ್ನು ಗುಜರಿಗೆ ಕೊಡಬಹುದು.